‘ಟೇಕ್’ ಧಾತುವಿನ ಅರ್ಥವಿಸ್ತಾರ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಒಂದಕ್ಕೆ ಒಂದು ಎಂಬ ಲೆಕ್ಕದ ಸಂಬಂಧವಲ್ಲ. ಧಾತುಗಳು ಅನೇಕಾರ್ಥವುಳ್ಳವು ಎಂಬುದನ್ನು ಸಂಸ್ಕೃತ ವೈಯಾಕರಣರು ಬಹು ಹಿಂದೆಯೇ ಒಪ್ಪಿದ್ದರು. ಧಾತುಪಾಠದಲ್ಲಿ ಒಂದೊಂದು ಧಾತುವಿಗೆ ಹೇಳಿರುವ ಅರ್ಥವು ದಾರಿ ತೋರಿಸುವ ಗುರುತು ಮಾತ್ರ. ಉಳಿದ ಅರ್ಥಗಳನ್ನು ಪ್ರಯೋಗದಿಂದಲೇ ತಿಳಿಯಬೇಕು ಎಂಬುದು ಅವರ ನಿಲುವು. ಕನ್ನಡದಲ್ಲಿ ಕೇಶಿರಾಜನು ಹದಿಮೂರನೆಯ ಶತಮಾನದ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿರಿಸಿದನು. ಇಂತಹ ಪರಂಪರೆಯುಳ್ಳ ನಾಡಿನಲ್ಲಿ ಇಂಗ್ಲಿಷ್ ಕಲಿಕೆ ಮಾತ್ರ ಬಹುಮಟ್ಟಿಗೆ ‘ಗಿವ್ ಎಂದರೆ ಕೊಡು, ಗೋ ಎಂದರೆ ಹೋಗು, ಟೇಕ್ ಎಂದರೆ ತೆಗೆದುಕೊಳ್ಳು’ ಎಂಬ ಪಟ್ಟಿಯಲ್ಲಿಯೇ ನಿಂತಿರುವುದು ಸೋಜಿಗದ ಸಂಗತಿ.

ಈ ಪಟ್ಟಿಯನ್ನು ಬಾಯಿಪಾಠ ಮಾಡಿದ ಹಳ್ಳಿಯ ಬಾಲಕನು ‘ದಿ ಮೀಟಿಂಗ್ ಟುಕ್ ಪ್ಲೇಸ್’ ಎಂಬ ವಾಕ್ಯವನ್ನು ಕಂಡಾಗ ‘ಸಭೆಯು ಸ್ಥಳವನ್ನು ತೆಗೆದುಕೊಂಡಿತು’ ಎಂದು ಬರೆಯುತ್ತಾನೆ. ಮೂರೂ ಶಬ್ದಗಳ ಅರ್ಥ ಅವನಿಗೆ ಗೊತ್ತು. ಆದರೂ ವಾಕ್ಯಕ್ಕೆ ಅರ್ಥವಿಲ್ಲ. ಆಗ ಅವನು ಪಟ್ಟಿಯನ್ನು ಶಂಕಿಸುವುದಿಲ್ಲ, ತನ್ನ ಬುದ್ಧಿಯನ್ನು ಶಂಕಿಸುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರಿಲ್ಲದ ಮಕ್ಕಳು ಆ ಭಾಷೆಗೆ ಹೆದರಿ ಹಿಂದೆ ಸರಿಯುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ಒಂದೇ ಒಂದು ಕ್ರಿಯಾಪದವನ್ನು ಎತ್ತಿಕೊಂಡು ಅದರ ಹುಟ್ಟು, ಬೆಳವಣಿಗೆ, ಅರ್ಥಗಳು, ಪರ್ಯಾಯಪದಗಳು ಇವುಗಳನ್ನು ಕ್ರಮವಾಗಿ ನೋಡುವುದು ಉಪಯುಕ್ತವಾದೀತು. ಅದಕ್ಕೆ ‘ಟೇಕ್’ ಎಂಬುದು ತಕ್ಕ ಪದ.

ಪದದ ಹುಟ್ಟು

‘ಟೇಕ್’ ಎಂಬುದು ಇಂಗ್ಲಿಷರ ಮೂಲ ಸೊತ್ತಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ಇದ್ದ ಧಾತು ‘ನಿಮನ್’. ಜರ್ಮನ್ ಭಾಷೆಯಲ್ಲಿ ಇಂದಿಗೂ ‘ನೇಮೆನ್’ ಎಂಬ ರೂಪದಲ್ಲಿ ಅದರ ಸೋದರಪದ ಬಳಕೆಯಲ್ಲಿದೆ. 793ರಲ್ಲಿ ಸ್ಕ್ಯಾಂಡಿನೇವಿಯದ ನಾವಿಕರು ಇಂಗ್ಲೆಂಡಿನ ಈಶಾನ್ಯ ತೀರದ ಲಿಂಡಿಸ್‌ಫಾರ್ನ್ ದ್ವೀಪದ ಕ್ರೈಸ್ತಮಠದ ಮೇಲೆ ದಾಳಿ ಮಾಡಿದರು. ಮುಂದಿನ ಎರಡು ಶತಮಾನಗಳಲ್ಲಿ ಅವರು ಕೊಳ್ಳೆಹೊಡೆದು ಹೋಗುವುದನ್ನು ಬಿಟ್ಟು, ಆ ದೇಶದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿ ಬೇಸಾಯಗಾರರಾದರು. ಅವರೊಡನೆ ಅವರ ನುಡಿಯೂ ನೆಲೆಸಿತು. ಆಕಾಶಕ್ಕೆ ‘ಸ್ಕೈ’, ಮೊಟ್ಟೆಗೆ ‘ಎಗ್’, ಚೂರಿಗೆ ‘ನೈಫ್’, ‘ಅವರು’ ಎಂಬುದಕ್ಕೆ ‘ದೇ’ ಇವೆಲ್ಲ ಅವರಿಂದ ಬಂದವು. ಕಿಟಕಿಗೆ ಹೇಳುವ ‘ವಿಂಡೋ’ ಎಂಬುದೂ ಅವರದೇ. ಅದರ ಮೂಲಾರ್ಥ ‘ಗಾಳಿಯ ಕಣ್ಣು’. ಸಂಸ್ಕೃತದ ‘ಗವಾಕ್ಷ’ದಲ್ಲಿಯೂ ಕಣ್ಣೇ ಇರುವುದನ್ನು ನೆನೆದರೆ ಮನುಷ್ಯರ ಕಲ್ಪನೆ ದೂರದೂರದ ನಾಡುಗಳಲ್ಲಿಯೂ ಒಂದೇ ಜಾಡಿನಲ್ಲಿ ನಡೆಯುವುದು ತಿಳಿಯುತ್ತದೆ.

ಹೀಗೆ ಬಂದ ‘ತಕ’ ಎಂಬ ನಾರ್ಸ್ ಧಾತುವೇ ‘ಟೇಕ್’ ಆಯಿತು. ಅದು ಕೆಲವು ಶತಮಾನಗಳಲ್ಲಿ ಮನೆಯೊಡತಿಯಂತಿದ್ದ ‘ನಿಮನ್’ ಧಾತುವನ್ನು ಮೂಲೆಗೆ ತಳ್ಳಿತು. ಹಳೆಯ ಧಾತುವಿನ ಕುರುಹು ಈಗ ಕೆಲವೆಡೆ ಮಾತ್ರ ಉಳಿದಿದೆ. ಮರಗಟ್ಟಿದ ಕೈಕಾಲುಗಳಿಗೆ ಹೇಳುವ ‘ನಮ್’ ಎಂಬುದರ ಮೂಲಾರ್ಥ ‘ಹಿಡಿಯಲ್ಪಟ್ಟ’ ಎಂದು. ಚುರುಕಾದವನಿಗೆ ಹೇಳುವ ‘ನಿಂಬಲ್’ ಎಂಬುದರ ಮೂಲಾರ್ಥ ‘ಬೇಗನೆ ಹಿಡಿಯಬಲ್ಲ’ ಎಂದು. ಷೇಕ್ಸ್‌ಪಿಯರನ ಕಾಲಕ್ಕೆ ‘ನಿಮ್’ ಎಂಬುದು ಕಳ್ಳತನಕ್ಕೆ ಹೇಳುವ ಹೀನಪದವಾಗಿತ್ತು. ಅವನ ಐದನೆಯ ಹೆನ್ರಿ ನಾಟಕದಲ್ಲಿ ಬರುವ ಕಳ್ಳ ಸಿಪಾಯಿಯ ಹೆಸರು ‘ನಿಮ್’ ಎಂದೇ ಇದೆ. ಪದಗಳಿಗೂ ಏಳುಬೀಳುಗಳುಂಟು.

ನಿಘಂಟುಕಾರರ ಶ್ರಮ

ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ನನು 1755ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದಾಗ ‘ಟೇಕ್’ ಎಂಬ ಒಂದೇ ಪದಕ್ಕೆ 134 ಅರ್ಥಗಳನ್ನು ಕೊಟ್ಟನು. ದೊಡ್ಡಳತೆಯ ಆ ಗ್ರಂಥದಲ್ಲಿಯೂ ಅದು ಹಲವು ಪುಟಗಳನ್ನು ಆಕ್ರಮಿಸಿತು. 1884ರಿಂದ ಬಿಡಿ ಸಂಚಿಕೆಗಳಾಗಿ ಬಂದು 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಮಹಾನಿಘಂಟಿನ ಕೆಲಸದಲ್ಲಿಯೂ ದೀರ್ಘವಾದ ಲೇಖಗಳೆಲ್ಲ ಇಂತಹ ಸಣ್ಣ ಕ್ರಿಯಾಪದಗಳವೇ. 20 ಸಂಪುಟಗಳಾಗಿ 1989ರಲ್ಲಿ ಹೊರಬಂದ ಅದರ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಪದದ ಲೇಖವೇ ಅತ್ಯಂತ ದೀರ್ಘವಾದುದು. ಆ ಬಳಿಕದ ಪರಿಷ್ಕರಣದಲ್ಲಿ ‘ರನ್’ ಎಂಬುದು ಆರುನೂರಕ್ಕೂ ಮಿಕ್ಕ ಅರ್ಥಗಳೊಡನೆ ಅದನ್ನು ಹಿಂದಿಕ್ಕಿತು.

ಇಲ್ಲಿ ಒಂದು ತತ್ತ್ವವಿದೆ. ‘ಹೈಡ್ರೋಜನ್’ ಎಂಬಂತಹ ಕಠಿಣವೆನಿಸುವ ಪದಕ್ಕೆ ಒಂದೇ ಅರ್ಥ. ಬಾಯಿಗೆ ಸುಲಭವಾದ, ದಿನಕ್ಕೆ ನೂರು ಸಲ ಬರುವ ಪದಕ್ಕೆ ನೂರು ಅರ್ಥ. ಬಳಸಿದಷ್ಟೂ ಪಾತ್ರೆ ಸವೆಯುತ್ತದೆ, ಪದ ಮಾತ್ರ ಹಿಗ್ಗುತ್ತದೆ. ಆದುದರಿಂದ ವಿದ್ಯಾರ್ಥಿಗೆ ನಿಜವಾಗಿ ಕಠಿಣವಾದುವು ಉದ್ದನೆಯ ಪದಗಳಲ್ಲ, ಈ ಸಣ್ಣ ಪದಗಳು.

ಅರ್ಥಗಳ ವರ್ಗೀಕರಣ

ನೂರಾರು ಅರ್ಥಗಳೆಂದು ಅಂಜಬೇಕಾಗಿಲ್ಲ. ಅವು ಒಂದು ಬುಡದಿಂದ ಕವಲೊಡೆದ ಕೊಂಬೆಗಳು. ‘ಕೈಚಾಚಿ ಹಿಡಿದು ತನ್ನದಾಗಿ ಮಾಡಿಕೊಳ್ಳುವುದು’ ಎಂಬುದೇ ಬುಡ. ಮುಖ್ಯವಾದ ಎಂಟು ಕೊಂಬೆಗಳನ್ನು ಹೀಗೆ ಗುರುತಿಸಬಹುದು.

ಮೊದಲನೆಯದು ಕೈಯ ಕೆಲಸ. ಮೇಜಿನ ಮೇಲಿನ ಪುಸ್ತಕವನ್ನು ಎತ್ತಿಕೊಳ್ಳುವುದು ಇದಕ್ಕೆ ಉದಾಹರಣೆ. ಇಲ್ಲಿ ‘ತೆಗೆದುಕೊಳ್ಳು’ ಎಂಬುದು ಸರಿಯಾಗಿ ಒಪ್ಪುತ್ತದೆ.

ಎರಡನೆಯದು ವಶಪಡಿಸಿಕೊಳ್ಳುವುದು. ಸೈನ್ಯವು ಕೋಟೆಯನ್ನು ‘ಟೇಕ್’ ಮಾಡಿತೆಂದರೆ ಗೆದ್ದುಕೊಂಡಿತು, ಹಿಡಿಯಿತು ಎಂದರ್ಥ.

ಮೂರನೆಯದು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುವುದು. ಇಲ್ಲಿ ಕನ್ನಡವು ಇಂಗ್ಲಿಷಿಗಿಂತ ನಿಷ್ಕೃಷ್ಟವಾಗಿದೆ. ವಸ್ತುವಾದರೆ ಒಯ್ಯುತ್ತೇವೆ, ಮನುಷ್ಯನಾದರೆ ಕರೆದೊಯ್ಯುತ್ತೇವೆ, ಹಸುವಾದರೆ ಹೊಡೆದುಕೊಂಡು ಹೋಗುತ್ತೇವೆ, ಭಾರವಾದರೆ ಹೊತ್ತೊಯ್ಯುತ್ತೇವೆ.

ನಾಲ್ಕನೆಯದು ದೇಹದೊಳಕ್ಕೆ ಸೇರಿಸುವುದು. ಇಂಗ್ಲಿಷಿನಲ್ಲಿ ಔಷಧಕ್ಕೂ ಉಸಿರಿಗೂ ಇದೇ ಕ್ರಿಯೆ. ಕನ್ನಡದಲ್ಲಿ ಕಷಾಯವನ್ನು ಕುಡಿಯುತ್ತಾರೆ, ಗುಳಿಗೆಯನ್ನು ನುಂಗುತ್ತಾರೆ, ಲೇಹ್ಯವನ್ನು ನೆಕ್ಕುತ್ತಾರೆ, ಪ್ರಸಾದವನ್ನು ಸ್ವೀಕರಿಸುತ್ತಾರೆ, ಉಸಿರನ್ನು ಎಳೆದುಕೊಳ್ಳುತ್ತಾರೆ.

ಐದನೆಯದು ಹೊಣೆ ಹೊರುವುದು. ಅಧಿಕಾರವನ್ನು ವಹಿಸಿಕೊಳ್ಳುವುದು, ಕಾರ್ಯವನ್ನು ಕೈಗೊಳ್ಳುವುದು, ವ್ರತವನ್ನು ಹಿಡಿಯುವುದು, ದೀಕ್ಷೆಯನ್ನು ಪಡೆಯುವುದು ಇವೆಲ್ಲ ಈ ಕೊಂಬೆಗೆ ಸೇರಿದವು.

ಆರನೆಯದು ವೆಚ್ಚವಾಗುವುದು. ‘ಇಟ್ ಟೇಕ್ಸ್ ಟೂ ಅವರ್ಸ್’ ಎಂದರೆ ಎರಡು ತಾಸು ಹಿಡಿಯುತ್ತದೆ, ಎರಡು ತಾಸು ಬೇಕು ಎಂದು. ಇಲ್ಲಿ ಕರ್ತೃವಿಗೆ ಕೈಯೇ ಇಲ್ಲ. ಕೆಲಸವೇ ನಮ್ಮ ಕಾಲವನ್ನು ನುಂಗುತ್ತದೆ.

ಏಳನೆಯದು ಭಾವಿಸುವುದು. ಹಗ್ಗವನ್ನು ಹಾವೆಂದು ಬಗೆಯುವ ವೇದಾಂತಿಗಳ ದೃಷ್ಟಾಂತವನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ‘ಟೇಕ್’ ಧಾತುವೇ ಒದಗುತ್ತದೆ. ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳುವುದು, ತಪ್ಪಾಗಿ ತಿಳಿಯುವುದು ಇವೂ ಇಲ್ಲಿಗೇ ಸೇರುತ್ತವೆ.

ಎಂಟನೆಯದು ಅರ್ಥಶೂನ್ಯ ಪ್ರಯೋಗ. ಸ್ನಾನ, ವಿಶ್ರಾಂತಿ, ತಿರುಗಾಟ ಮುಂತಾದ ನಾಮಪದಗಳ ಮುಂದೆ ಬಂದಾಗ ‘ಟೇಕ್’ ಎಂಬುದಕ್ಕೆ ಸ್ವಂತ ಅರ್ಥವಿರುವುದಿಲ್ಲ. ಅರ್ಥದ ಭಾರವೆಲ್ಲ ನಾಮಪದದ ಮೇಲಿರುತ್ತದೆ. ಧಾತುವು ವಾಕ್ಯಕ್ಕೆ ಕ್ರಿಯೆಯನ್ನು ಒದಗಿಸುವ ಊಳಿಗವನ್ನಷ್ಟೇ ಮಾಡುತ್ತದೆ. ಕನ್ನಡದಲ್ಲಿ ಈ ಊಳಿಗ ಬಹುಮಟ್ಟಿಗೆ ‘ಮಾಡು’ ಎಂಬುದರದು: ಸ್ನಾನ ಮಾಡು, ಪ್ರಯಾಣ ಮಾಡು. ಸ್ನಾನದ ವಿಷಯದಲ್ಲಿ ಅಮೆರಿಕದವರು ‘ಟೇಕ್’ ಎನ್ನುವೆಡೆ ಇಂಗ್ಲೆಂಡಿನವರು ಸಾಮಾನ್ಯವಾಗಿ ‘ಹ್ಯಾವ್’ ಎನ್ನುವರು. ಇಂತಹ ಊಳಿಗದ ಧಾತುವನ್ನು ಶಬ್ದಶಃ ಭಾಷಾಂತರಿಸಿದರೆ ‘ಸ್ನಾನ ತೆಗೆದುಕೊಂಡನು’ ಎಂಬ ವಿಕಾರ ಹುಟ್ಟುತ್ತದೆ. ‘ಟುಕ್ ಪ್ಲೇಸ್’ ಎಂಬುದೂ ಇದೇ ಜಾತಿಯದು. ಸಭೆ ನಡೆಯಿತು, ಜರುಗಿತು ಎಂದಷ್ಟೇ ಅದರ ತಾತ್ಪರ್ಯ.

ಉಪಸರ್ಗವೂ ಹಿಂಬಾಲಕ ಪದವೂ

ಧಾತುವಿನ ಹಿಂದೆ ಬರುವ ಸಣ್ಣ ಅವ್ಯಯಗಳಿಂದ ಅರ್ಥವು ಮತ್ತಷ್ಟು ಬದಲಾಗುತ್ತದೆ. ‘ಟೇಕ್ ಆಫ್’ ಎಂದರೆ ಅಂಗಿ ಕಳಚುವುದೂ ಹೌದು, ವಿಮಾನ ನೆಲಬಿಟ್ಟು ಏಳುವುದೂ ಹೌದು, ಒಬ್ಬರ ನಡೆನುಡಿಯನ್ನು ಅಣಕಿಸುವುದೂ ಹೌದು. ‘ಟೇಕ್ ಇನ್’ ಎಂದರೆ ಮನೆಯಲ್ಲಿ ಆಶ್ರಯ ಕೊಡುವುದು, ಓದಿದ್ದನ್ನು ಗ್ರಹಿಸುವುದು, ಬಟ್ಟೆಯನ್ನು ಕಿರಿದುಗೊಳಿಸುವುದು, ಮೋಸಗೊಳಿಸುವುದು. ‘ಟೇಕ್ ಆಫ್ಟರ್’ ಎಂದರೆ ಮಗುವು ತಂದೆತಾಯಿಯರನ್ನು ಹೋಲುವುದು. ‘ಟೇಕ್ ಡೌನ್’ ಎಂದರೆ ಬರೆದುಕೊಳ್ಳುವುದು ಅಥವಾ ಕೆಳಗಿಳಿಸುವುದು.

ಇದು ವಿಚಿತ್ರವೆಂದು ತೋರಬಹುದು. ಆದರೆ ಸಂಸ್ಕೃತ ಕಲಿತವನಿಗೆ ಇದು ಪರಿಚಿತವಾದ ಹಾದಿ. ‘ಹೃ’ ಧಾತುವಿಗೂ ಒಯ್ಯುವುದು, ಕಸಿದುಕೊಳ್ಳುವುದು ಎಂಬ ಅರ್ಥವೇ. ಅದರ ಮುಂದೆ ಉಪಸರ್ಗಗಳನ್ನು ಸೇರಿಸಿದರೆ ಪ್ರಹಾರವು ಹೊಡೆತವಾಗುತ್ತದೆ, ಆಹಾರವು ತಿನಿಸಾಗುತ್ತದೆ, ಸಂಹಾರವು ಕೊಲೆಯಾಗುತ್ತದೆ, ವಿಹಾರವು ವಿನೋದದ ತಿರುಗಾಟವಾಗುತ್ತದೆ, ಪರಿಹಾರವು ನಿವಾರಣೆಯಾಗುತ್ತದೆ. ಅನ್ನಕ್ಕೂ ಕೊಲೆಗೂ ಧಾತು ಒಂದೇ! ‘ಗ್ರಹ್’ ಧಾತುವೂ ಹಾಗೆಯೇ. ಸಂಗ್ರಹ, ಅನುಗ್ರಹ, ನಿಗ್ರಹ, ಆಗ್ರಹ, ಪರಿಗ್ರಹ ಇವುಗಳಲ್ಲಿ ಹಿಡಿಯುವ ಕೈ ಒಂದೇ, ಹಿಡಿತದ ಬಗೆ ಬೇರೆ ಬೇರೆ. ಸಂಸ್ಕೃತದಲ್ಲಿ ಅರ್ಥ ಬದಲಿಸುವ ಪದವು ಧಾತುವಿನ ಮುಂದೆ ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ಹಿಂದೆ ಬರುತ್ತದೆ. ಇಷ್ಟನ್ನು ಮೊದಲೇ ತಿಳಿಸಿ ಪಾಠ ಆರಂಭಿಸಿದರೆ ‘ಟೇಕ್ ಆಫ್’ ಎಂಬುದನ್ನು ಎರಡು ಪದಗಳೆಂದು ಒಡೆದು ಅರ್ಥ ಹುಡುಕುವ ಪ್ರಮಾದ ತಪ್ಪುತ್ತದೆ.

ಪರ್ಯಾಯಪದಗಳು

ಅಮರಸಿಂಹನ ಕೋಶವನ್ನು ಕಂಠಸ್ಥ ಮಾಡಿಸುವ ಪದ್ಧತಿ ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿತ್ತು. ಅದು ಮುಖ್ಯವಾಗಿ ನಾಮಪದಗಳ ಕೋಶ. ಇಂಗ್ಲಿಷಿನಲ್ಲಿ ಅರ್ಥಾನುಸಾರವಾಗಿ ಪದಗಳನ್ನು ಜೋಡಿಸಿದ ಪ್ರಸಿದ್ಧ ಕೋಶವನ್ನು ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯನು 1852ರಲ್ಲಿ ಹೊರತಂದನು. ಅವನು ತನ್ನ ಪೀಠಿಕೆಯಲ್ಲಿ, ಇಂತಹ ಪ್ರಯತ್ನಗಳಲ್ಲಿ ತನಗೆ ತಿಳಿದಂತೆ ಅತ್ಯಂತ ಹಳೆಯದೆಂದು ಅಮರಕೋಶವನ್ನೇ ಹೆಸರಿಸಿ, ಕೋಲ್‌ಬ್ರೂಕನ ಭಾಷಾಂತರದೊಡನೆ ಅದು 1808ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದುದನ್ನು ಉಲ್ಲೇಖಿಸಿದ್ದಾನೆ. ಭಾರತದ ಕೋಶಪರಂಪರೆಗೆ ಇದು ಹೆಮ್ಮೆಯ ವಿಷಯ.

ಆದರೆ ಪರ್ಯಾಯಪದಗಳೆಂದರೆ ಸಂಪೂರ್ಣ ಸಮಾನಾರ್ಥಕಗಳೆಂದು ತಿಳಿಯಬಾರದು. ‘ಟೇಕ್’ ಎಂಬುದು ಸಾಮಾನ್ಯಪದ. ಬಲಾತ್ಕಾರದಿಂದ, ಥಟ್ಟನೆ ಹಿಡಿದರೆ ‘ಸೀಜ್’. ಇದು 1066ರ ನಾರ್ಮನ್ ವಿಜಯದ ಬಳಿಕ ಫ್ರೆಂಚಿನಿಂದ ಕಾನೂನಿನ ಮೂಲಕ ಬಂದ ಪದ. ಇಂದಿಗೂ ಸರಕನ್ನು ಜಪ್ತಿ ಮಾಡುವುದಕ್ಕೆ ಅದೇ ಬಳಕೆಯಲ್ಲಿದೆ. ಬಿಗಿಯಾಗಿ ಹಿಡಿದರೆ ‘ಗ್ರಾಸ್ಪ್’. ಮರ್ಯಾದೆಗೆಟ್ಟು ಬಾಚಿಕೊಂಡರೆ ‘ಗ್ರ್ಯಾಬ್’. ವಿಚಾರವನ್ನು ತಿಳಿದುಕೊಳ್ಳುವುದಕ್ಕೂ ‘ಗ್ರಾಸ್ಪ್’ ಎನ್ನುವುದುಂಟು. ಕೈಯಲ್ಲಿ ಹಿಡಿಯುವುದರಿಂದ ಮನಸ್ಸಿನಲ್ಲಿ ಹಿಡಿಯುವುದಕ್ಕೆ ಅರ್ಥವು ಏರಿದೆ. ಸಂಸ್ಕೃತದ ‘ಗ್ರಹಿಸು’ ಏರಿದುದೂ ಇದೇ ಮೆಟ್ಟಿಲನ್ನು.

‘ರಿಸೀವ್’ ಮತ್ತು ‘ಆಕ್ಸೆಪ್ಟ್’ ಎಂಬ ಜೋಡಿಯನ್ನು ವಿಶೇಷವಾಗಿ ಗಮನಿಸಬೇಕು. ಎರಡಕ್ಕೂ ಮೂಲ ‘ಕಪೆರೆ’ ಎಂಬ ಲ್ಯಾಟಿನ್ ಧಾತು. ಹಿಡಿ ಎಂದೇ ಅದರ ಅರ್ಥ. ಆದರೆ ವಸ್ತುವು ತಾನಾಗಿ ಬಂದು ಕೈಸೇರಿದರೆ ‘ರಿಸೀವ್’. ಬಂದುದನ್ನು ಮನಸ್ಸು ಒಪ್ಪಿದರೆ ‘ಆಕ್ಸೆಪ್ಟ್’. ಕನ್ನಡದಲ್ಲಿ ಎರಡಕ್ಕೂ ‘ಸ್ವೀಕರಿಸು’ ಎಂದೇ ಬರೆಯುವ ರೂಢಿಯಿದೆ. ‘ತಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ’ ಎಂಬ ಪತ್ರ ಬಂದರೆ ಅರ್ಜಿ ಕಚೇರಿಗೆ ತಲುಪಿತೆಂದು ತಿಳಿಯಬೇಕೋ ಮಂಜೂರಾಯಿತೆಂದು ತಿಳಿಯಬೇಕೋ? ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಬಡ ವಿದ್ಯಾರ್ಥಿಯ ತಂದೆಗೆ ಇದು ಬರಿಯ ವ್ಯಾಕರಣದ ಚರ್ಚೆಯಲ್ಲ. ಮಗನನ್ನು ಕಾಲೇಜಿಗೆ ಕಳುಹಬೇಕೋ ಬೇಡವೋ ಎಂಬ ಪ್ರಶ್ನೆ. ‘ತಲುಪಿದೆ’ ಎಂದೋ ‘ಅಂಗೀಕೃತವಾಗಿದೆ’ ಎಂದೋ ಬರೆದರೆ ಗೊಂದಲವಿಲ್ಲ.

‘ಪರೀಕ್ಷೆ ತೆಗೆದುಕೊಳ್ಳು’ ಎಂಬಲ್ಲಿಯೂ ಇಂತಹುದೇ ತೊಡಕು. ಇಂಗ್ಲಿಷಿನಲ್ಲಿ ಪರೀಕ್ಷೆಯನ್ನು ‘ಟೇಕ್’ ಮಾಡುವವನು ವಿದ್ಯಾರ್ಥಿ. ಮರಾಠಿ, ಹಿಂದಿಗಳಲ್ಲಿ ಪರೀಕ್ಷೆಯನ್ನು ತೆಗೆದುಕೊಳ್ಳುವವನು ಗುರು, ಕೊಡುವವನು ಶಿಷ್ಯ. ಮರಾಠಿಯ ಸಂಪರ್ಕ ಹೆಚ್ಚಾಗಿರುವ ಉತ್ತರ ಕರ್ನಾಟಕದಲ್ಲಿ ಎರಡನೆಯ ಬಗೆಯ ಮಾತೂ ಕೇಳಿಬರುತ್ತದೆ. ‘ಪರೀಕ್ಷೆಗೆ ಕುಳಿತನು’, ‘ಪರೀಕ್ಷೆ ನಡೆಸಿದರು’ ಎಂದರೆ ಯಾರಿಗೂ ಸಂಶಯ ಬಾರದು.

ಕನ್ನಡದ ‘ಕೊಳ್’

ಇಷ್ಟೆಲ್ಲ ಅರ್ಥಗಳನ್ನು ಹೊರಬಲ್ಲ ಧಾತು ಕನ್ನಡದಲ್ಲಿ ಇಲ್ಲವೇ? ಉಂಟು, ಅದು ‘ಕೊಳ್’. ಇಂದು ಬಿಡಿಯಾಗಿ ‘ಕೊಳ್ಳು’ ಎಂದರೆ ಹಣ ಕೊಟ್ಟು ಖರೀದಿಸುವುದೆಂದಷ್ಟೇ ಬಹುಮಟ್ಟಿಗೆ ಅರ್ಥ. ಹಳಗನ್ನಡದಲ್ಲಿ ಅದಕ್ಕೆ ಹಿಡಿ, ಪಡೆ, ಸ್ವೀಕರಿಸು, ವಶಪಡಿಸಿಕೊ ಎಂಬ ವಿಶಾಲಾರ್ಥವಿತ್ತು. ಗೋವುಗಳನ್ನು ಹಿಡಿದೊಯ್ಯುವ ‘ತುರುಗೋಳ್’ ಕಾಳಗದಲ್ಲಿ ಮಡಿದವರ ವೀರಗಲ್ಲುಗಳು ಕರ್ನಾಟಕದ ಅನೇಕ ಊರುಗಳಲ್ಲಿ ನಿಂತಿವೆ; ಆ ಪದದಲ್ಲಿರುವುದು ಈ ‘ಕೊಳ್’ ಧಾತುವೇ. ಕೈಗೊಳ್ಳು, ಒಳಗೊಳ್ಳು, ಎದುರುಗೊಳ್ಳು, ನೆಲೆಗೊಳ್ಳು, ಕೊನೆಗೊಳ್ಳು ಎಂಬ ಸಮೃದ್ಧ ಸಂತಾನ ಅದರದು. ‘ಅರಿತುಕೊಳ್ಳು’, ‘ಬರೆದುಕೊಳ್ಳು’ ಎಂಬಲ್ಲಿ ಸಹಾಯಕ ಕ್ರಿಯೆಯಾಗಿ ನಿಂತು, ಕ್ರಿಯೆಯ ಫಲ ಕರ್ತೃವಿಗೇ ಸೇರಿತೆಂಬ ಸೂಕ್ಷ್ಮವನ್ನು ತಿಳಿಸುವುದೂ ಅದೇ.

ಇಂಗ್ಲಿಷಿನ ‘ಟೇಕ್ ಲೀವ್’ ಎಂಬುದಕ್ಕೆ ಕನ್ನಡದಲ್ಲಿರುವ ಪದದ ಚೆಲುವನ್ನು ನೋಡಬೇಕು. ಹೊರಡುವವನು ಬೀಳ್ಕೊಳ್ಳುತ್ತಾನೆ, ಉಳಿಯುವವನು ಬೀಳ್ಕೊಡುತ್ತಾನೆ. ಶಾಲೆಗಳಲ್ಲಿ ವರ್ಷವರ್ಷವೂ ಬೀಳ್ಕೊಡುಗೆಯ ಸಮಾರಂಭ ನಡೆಯುತ್ತದೆ. ಆ ದಿನ ಹಿರಿಯ ವಿದ್ಯಾರ್ಥಿಗಳು ಬೀಳ್ಕೊಳ್ಳುವವರು, ಗುರುಗಳೂ ಕಿರಿಯರೂ ಬೀಳ್ಕೊಡುವವರು. ಒಂದೇ ಘಟನೆಯನ್ನು ಎರಡು ಕಡೆಯಿಂದ ನೋಡುವ ಇಂತಹ ಜೋಡಿಪದವನ್ನು ಮರೆತು ‘ರಜೆ ತೆಗೆದುಕೊಂಡು ಹೋದನು’ ಎಂದು ಭಾಷಾಂತರಿಸಿದರೆ ಅರ್ಥವೂ ಕೆಡುತ್ತದೆ, ಅಂದವೂ ಕೆಡುತ್ತದೆ.

‘ತೆಗೆ’, ‘ಹಿಡಿ’ ಎಂಬುವೂ ಕಡಿಮೆಯವಲ್ಲ. ಬಾಗಿಲು ತೆಗೆ, ಬೆಳೆ ತೆಗೆ, ಸಾಲ ತೆಗೆ, ಚಿತ್ರ ತೆಗೆ, ಅಂಕ ತೆಗೆ, ಮಾತು ತೆಗೆ, ಜೀವ ತೆಗೆ. ಕೈ ಹಿಡಿ, ದಾರಿ ಹಿಡಿ, ಹಠ ಹಿಡಿ, ತುಕ್ಕು ಹಿಡಿ, ಮಳೆ ಹಿಡಿ, ಗ್ರಹಣ ಹಿಡಿ. ಕನ್ನಡ ಕಲಿಯಬಂದ ಇಂಗ್ಲಿಷರವನು ಇವುಗಳ ಮುಂದೆ ಪಡುವ ಪಾಡೂ ನಮ್ಮ ಬಾಲಕನದೇ. 1894ರಲ್ಲಿ ಮಂಗಳೂರಿನಿಂದ ತನ್ನ ಕನ್ನಡ–ಇಂಗ್ಲಿಷ್ ಮಹಾನಿಘಂಟನ್ನು ಪ್ರಕಟಿಸಿದ ಜರ್ಮನಿಯ ಪಾದ್ರಿ ಫರ್ಡಿನೆಂಡ್ ಕಿಟ್ಟೆಲನು ಇಂತಹ ಧಾತುಗಳ ಒಂದೊಂದು ಅರ್ಥವನ್ನೂ ತಾಳ್ಮೆಯಿಂದ ಬಿಡಿಸಿ ಬರೆದುದು ಈ ಕಷ್ಟವನ್ನು ಬಲ್ಲವನಾದುದರಿಂದಲೇ ಇರಬೇಕು.

ಬೋಧಕರಿಗೆ

ಮಡಿವಂತಿಕೆಯೂ ಸಲ್ಲದು. ‘ಔಷಧ ತೆಗೆದುಕೊಳ್ಳು’, ‘ನಿರ್ಧಾರ ತೆಗೆದುಕೊಳ್ಳು’ ಎಂಬ ಮಾತುಗಳು ಜನರ ನಾಲಗೆಯಲ್ಲಿ ನೆಲೆಯೂರಿವೆ; ಅವುಗಳನ್ನು ತಪ್ಪೆಂದು ಹೊಡೆದುಹಾಕುವುದು ನ್ಯಾಯವಲ್ಲ. ಭಾಷೆಯು ಬೆಳೆಯುವುದೇ ಹೀಗೆ. ‘ಟೇಕ್’ ಕೂಡ ಹೊರಗಿನಿಂದ ಬಂದು ಮನೆಯವನಾದ ಪದವೇ. ಚಿಂತೆಯ ವಿಷಯ ಬೇರೆ. ನಿರ್ಧರಿಸು, ಸೇವಿಸು, ಒಯ್ಯು, ಕೈಗೊಳ್ಳು, ವಹಿಸಿಕೊಳ್ಳು, ಬೀಳ್ಕೊಳ್ಳು ಎಂಬ ಹತ್ತು ಕ್ರಿಯಾಪದಗಳ ಕೆಲಸವನ್ನು ಒಂದೇ ‘ತೆಗೆದುಕೊಳ್ಳು’ ಮಾಡತೊಡಗಿದರೆ ಉಳಿದ ಒಂಬತ್ತು ನಮ್ಮ ಮಕ್ಕಳಿಗೆ ಅಪರಿಚಿತವಾಗುತ್ತವೆ. ಹಾಗಾದಾಗ ಅವರಿಗೆ ಇಂಗ್ಲಿಷೂ ಕೈಹತ್ತುವುದಿಲ್ಲ, ಕನ್ನಡವೂ ಕೈತಪ್ಪುತ್ತದೆ. ಯಂತ್ರವೇ ಭಾಷಾಂತರ ಮಾಡಿಕೊಡುವ ಈ ಕಾಲದಲ್ಲಿ, ಯಂತ್ರ ಕೊಟ್ಟ ವಾಕ್ಯ ಸರಿಯೋ ತಪ್ಪೋ ಎಂದು ಹೇಳಬಲ್ಲ ಕಿವಿ ಬೇಕಾದರೆ ಈ ಸಂಪತ್ತು ಉಳಿದಿರಲೇಬೇಕು.

ಇದಕ್ಕೆ ದೊಡ್ಡ ಯೋಜನೆಗಳು ಬೇಕಾಗಿಲ್ಲ. ವಾರಕ್ಕೊಂದು ಕ್ರಿಯಾಪದವನ್ನು ಆರಿಸಿ, ಇಂಗ್ಲಿಷ್ ಅಧ್ಯಾಪಕರೂ ಕನ್ನಡ ಅಧ್ಯಾಪಕರೂ ಕೂಡಿ ಅದನ್ನು ಪಾಠ ಮಾಡಬಹುದು. ಪದದ ಬದಲು ವಾಕ್ಯವನ್ನು ಕೊಟ್ಟು, ಮನೆಯಲ್ಲಿ ಅಜ್ಜಿಯು ಇದನ್ನು ಹೇಗೆ ಹೇಳುತ್ತಿದ್ದಳೆಂದು ವಿದ್ಯಾರ್ಥಿಯನ್ನು ಕೇಳಬಹುದು. ಬರುವ ಉತ್ತರವೇ ಬಹುಮಟ್ಟಿಗೆ ಸರಿಯಾದ ಭಾಷಾಂತರವಾಗಿರುತ್ತದೆ. ಶಾಲೆಯ ಗ್ರಂಥಾಲಯದಲ್ಲಿ ಕಿಟ್ಟೆಲನ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ಕನ್ನಡ ನಿಘಂಟು, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಇವು ಬೀಗ ಹಾಕಿದ ಬೀರುವಿನಲ್ಲಿರದೆ ಮಕ್ಕಳ ಕೈಗೆಟುಕುವಂತೆ ಮೇಜಿನ ಮೇಲಿರಬೇಕು. ಕಟ್ಟಡಕ್ಕೂ ಅನ್ನಕ್ಕೂ ಧಾರಾಳವಾಗಿ ನೀಡುವ ದಾನಿಗಳು ಒಂದೊಂದು ತರಗತಿಗೆ ಒಂದೊಂದು ನಿಘಂಟನ್ನು ಕೊಡಿಸಿದರೆ ಅದೂ ವಿದ್ಯಾದಾನವೇ ಆದೀತು. ಆಗ ‘ಟುಕ್ ಪ್ಲೇಸ್’ ಎಂಬುದನ್ನು ಕಂಡ ಬಾಲಕನು ತನ್ನ ಬುದ್ಧಿಯನ್ನು ಹಳಿದುಕೊಳ್ಳದೆ, ಎದ್ದು ಹೋಗಿ ಪುಟ ತಿರುಗಿಸಿ ನೋಡುವನು.